ಅದೇ ಪಟ್ಟಿ ಬೇಕು

ನಾಲವಾರದ ಹಳೆಯ ಮನೆಗಳಲ್ಲಿ ಫೋಟೋಗಳಿಗೆ ಗೊತ್ತಾದ ಒಂದು ಜಾಗವಿದೆ. ಪಡಸಾಲೆಯ ಒಳಗೋಡೆ, ಜಂತಿಯಿಂದ ಗೇಣು ಕೆಳಗೆ. ನಮ್ಮ ಕಡೆಯ ಕಲ್ಲಿನ ಗೋಡೆಗೆ ಮೊಳೆ ಸುಲಭಕ್ಕೆ ಇಳಿಯುವುದಿಲ್ಲ. ಅದಕ್ಕೇ ಕಲ್ಲಿನ ಸಂದಿಗಳಲ್ಲಿ ಮರದ ಗೂಟ ಬಡಿದು, ಅವುಗಳ ಮೇಲೆ ಉದ್ದನೆಯ ಒಂದು ರೀಪು ಕೂರಿಸಿ, ಫೋಟೋಗಳ ಬುಡವನ್ನು ಅದರ ಮೇಲೆ ಊರುತ್ತಾರೆ. ನೆತ್ತಿಗೆ ದಾರ ಕಟ್ಟಿ ಮುಂದಕ್ಕೆ ಬಾಗಿಸುತ್ತಾರೆ, ಕೆಳಗೆ ಕೂತವರಿಗೆ ಮುಖ ಕಾಣಲಿ ಎಂದು. ಆ ಸಾಲಿನಲ್ಲಿ ಊರಿನ ಕೋರಿಸಿದ್ಧೇಶ್ವರ, ಕಲಬುರಗಿಯ ಶರಣಬಸವೇಶ್ವರ, ಗಾಣಗಾಪುರದ ದತ್ತಾತ್ರೇಯ, ಸನ್ನತಿಯ ಚಂದ್ರಲಾಂಬೆ. ಓಣಿ ಬದಲಾದರೆ ಬುದ್ಧ ಮತ್ತು ಬಾಬಾಸಾಹೇಬರು. ಇನ್ನೊಂದು ಓಣಿಯಲ್ಲಿ ಮಕ್ಕಾ-ಮದೀನಾ, ಪಕ್ಕದಲ್ಲಿ ಬಂದೇನವಾಜರ ದರ್ಗಾ. ದೇವರು, ಗುರುಗಳ ಸಾಲು ಮುಗಿದ ಮೇಲೆ ಮನೆಯ ಹಿರಿಯರು.

ಹಿರಿಯರ ಫೋಟೋಗಳನ್ನು ಹೆಚ್ಚಾಗಿ ಜೋಡಿಯಾಗಿಯೋ ಮೂರರ ಗುಂಪಾಗಿಯೋ ಒಮ್ಮೆಗೇ ಕಟ್ಟು ಹಾಕಿಸುತ್ತಿದ್ದರು. ಒಂದೇ ಅಳತೆ, ಒಂದೇ ಪಟ್ಟಿ. ನಮ್ಮ ಮನೆಯಲ್ಲಿ ಅಂಥ ಮೂರಿವೆ: ಮುತ್ಯಾ, ಆಯಿ, ಮತ್ತು ದೊಡ್ಡಪ್ಪನ ಮದುವೆಯ ಗುಂಪಿನ ಫೋಟೋ. ಒಂದೂವರೆ ಇಂಚು ಅಗಲದ ಕರಿ ಪಟ್ಟಿ, ಹೊರಗಡೆ ಒಂದು ಉಬ್ಬು, ನಡುವೆ ತಗ್ಗು, ಗಾಜಿಗೆ ತಾಗುವ ಕಡೆ ಸಣ್ಣ ಬಂಗಾರದ ಗೆರೆ. ಮಳೆಗಾಲದಲ್ಲಿ ಗೋಡೆಯಿಂದಿಳಿದ ಗೆದ್ದಲು ಆಯಿಯ ಫೋಟೋದ ಕೆಳಪಟ್ಟಿಯನ್ನು ಪೂರ್ತಿ, ಎಡಪಟ್ಟಿಯನ್ನು ಅರ್ಧ ತಿಂದಿತ್ತು. ಮೇಲಿನ ಬಣ್ಣದ ತೊಗಟೆ ಹಾಗೇ ಇತ್ತು. ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು.

ಇಂಥ ಹೊತ್ತಿನಲ್ಲಿ ಎಲ್ಲ ಮನೆಗಳಲ್ಲೂ ಬರುವ ಸಲಹೆ ಒಂದೇ. ಮೂರನ್ನೂ ಬಿಚ್ಚಿ ಹೊಸ ಕಟ್ಟು ಹಾಕಿಸಿ. ಖರ್ಚು ಕಡಿಮೆ, ಸಂಜೆಗೆ ಕೈಗೆ ಬರುತ್ತದೆ, ಹೊಳೆಯುತ್ತದೆ. ಈ ಸಲಹೆಯನ್ನು ಒಪ್ಪಬೇಡಿ ಎಂದು ಹೇಳುವುದಕ್ಕಾಗಿಯೇ ಈ ಲೇಖನ ಬರೆಯುತ್ತಿದ್ದೇನೆ. ಹಳೆಯ ಫೋಟೋದ ಜೊತೆ ಅದರ ಕಟ್ಟೂ ಮನೆಯ ದಾಖಲೆ. ಅದಕ್ಕೆ ಸರಿಹೊಂದುವ ಪಟ್ಟಿ ಪೇಟೆಯಲ್ಲಿ ಸಿಗುವುದಿಲ್ಲ ನಿಜ. ಆದರೆ ಅದನ್ನು ತೆಗೆಯಬಲ್ಲ ಕೈ, ಅದಕ್ಕೆ ಬೇಕಾದ ಕಟ್ಟಿಗೆ ಎರಡೂ ನಮ್ಮ ತಾಲ್ಲೂಕುಗಳಲ್ಲಿ ಇನ್ನೂ ಇವೆ.

ಮೊದಲು ಪೇಟೆಯ ಮಾತು. ವಾಡಿ, ಚಿತ್ತಾಪುರ, ಶಹಾಬಾದ್, ಸೇಡಂ ಎಲ್ಲೇ ಹೋದರೂ ಕಟ್ಟು ಹಾಕುವ ಅಂಗಡಿಯ ಗೋಡೆಯ ಮೇಲೆ ನಮೂನೆಯ ಮೂಲೆಗಳನ್ನು ಸಾಲಾಗಿ ಹೊಡೆದಿರುತ್ತಾರೆ. ಬಂಗಾರದ ಬಣ್ಣ, ಬೆಳ್ಳಿ ಬಣ್ಣ, ತೇಗದ ಗೆರೆಯಿರುವ ಕಂದು. ನೋಡಲು ಕಟ್ಟಿಗೆಯಂತೆ ಕಾಣುವ ಇವುಗಳಲ್ಲಿ ಬಹುಪಾಲು ಕಟ್ಟಿಗೆಯಲ್ಲ. ಅಂಗಡಿಯವರು ಫೈಬರ್ ಎನ್ನುವುದು ಪಾಲಿಸ್ಟೈರೀನ್. ಥರ್ಮಾಕೋಲ್ ಯಾವುದರಿಂದ ಆಗುತ್ತದೋ ಅದೇ ಪ್ಲಾಸ್ಟಿಕ್ಕನ್ನು ಕರಗಿಸಿ, ಅಚ್ಚಿನ ಬಾಯಿಂದ ಪಟ್ಟಿಯಾಗಿ ಹೊರಡಿಸಿ, ಮೇಲೆ ಬಣ್ಣದ ಹಾಳೆ ಒತ್ತಿರುತ್ತಾರೆ. ಉಳಿದವು ಎಂಡಿಎಫ್, ಅಂದರೆ ಕಟ್ಟಿಗೆಯ ನಾರನ್ನು ಅಂಟಿನೊಡನೆ ಒತ್ತಿದ ಹಲಗೆಯಿಂದ ಕೊಯ್ದವು. ಫೈಬರ್ ಪಟ್ಟಿಗೆ ಗೆದ್ದಲು ಬಾಯಿ ಹಾಕುವುದಿಲ್ಲ. ನಮ್ಮಂಥ ಊರಲ್ಲಿ ಅದು ಸಣ್ಣ ಗುಣವೇನಲ್ಲ. ಆದರೆ ಅದಕ್ಕೆ ರಂದಾ ಹೊಡೆಯಲಾಗದು, ಪಾಲಿಶ್ ಹಿಡಿಯದು, ಒಂದು ಚೂರು ಎದ್ದರೆ ಒಳಗಿನ ಬಿಳಿ ಕಾಣುತ್ತದೆ. ಎಂಡಿಎಫ್ ಒಂದು ಮಳೆಗಾಲದ ತೇವ ಕುಡಿದರೆ ಉಬ್ಬುತ್ತದೆ, ಮತ್ತೆ ಇಳಿಯುವುದಿಲ್ಲ. ಕಲಬುರಗಿಯ ದೊಡ್ಡ ಅಂಗಡಿಗಳಲ್ಲಿ ನಿಜವಾದ ಕಟ್ಟಿಗೆಯ ಪಟ್ಟಿಯೂ ಇದೆ. ಪೈನ್ ಅಥವಾ ರಬ್ಬರ್ ಮರದ ತುಂಡುಗಳನ್ನು ಬೆರಳಿಗೆ ಬೆರಳು ಹೆಣೆದಂತೆ ಕೂಡಿಸಿ ಮಾಡಿದ ಉದ್ದನೆಯ ಕೋಲುಗಳು. ಒಳ್ಳೆಯವೇ. ಆದರೆ ನನಗೆ ಬೇಕಾದ ಉಬ್ಬು-ತಗ್ಗು ಅವುಗಳಲ್ಲಿ ಇರಲಿಲ್ಲ.

ಇರುವುದು ಸಾಧ್ಯವೂ ಇಲ್ಲ. ಪಟ್ಟಿಯ ಉಬ್ಬು-ತಗ್ಗು ಹುಟ್ಟುವುದು ಮಷಿನ್ನಿನ ಬ್ಲೇಡಿನಿಂದ. ಒಂದೊಂದು ನಮೂನೆಗೂ ಒಂದೊಂದು ಜೊತೆ ಬ್ಲೇಡನ್ನು ಆ ರೂಪಕ್ಕೆ ತೀಡಿರುತ್ತಾರೆ. ಮೊಂಡಾದಾಗ ಮತ್ತೆ ಸಾಣೆ ಹಿಡಿಯುತ್ತಾರೆ, ಆಗ ಗೆರೆ ಕೂದಲೆಳೆಯಷ್ಟು ಸರಿಯುತ್ತದೆ. ಆ ನಮೂನೆಗೆ ಗಿರಾಕಿ ಕಡಿಮೆಯಾದರೆ ಬ್ಲೇಡು ಗುಜರಿಗೆ ಹೋಗುತ್ತದೆ. ಅಲ್ಲಿಗೆ ಆ ಪಟ್ಟಿಯ ಕಥೆ ಮುಗಿಯಿತು. ಐವತ್ತು ವರ್ಷದ ಹಿಂದಿನ ಪಟ್ಟಿ ಇರಲಿ, ಐದು ವರ್ಷದ ಹಿಂದೆ ಅದೇ ಅಂಗಡಿಯಲ್ಲಿ ಕೊಂಡದ್ದಕ್ಕೂ ಇವತ್ತಿನ ಸರಕಿಗೂ ಬಣ್ಣ ಕೂಡುವುದಿಲ್ಲ.

ಸ್ವಲ್ಪ ಹೆಚ್ಚುಕಡಿಮೆ ಇದ್ದರೆ ಏನಾಯಿತು ಎಂದು ಕೇಳಬಹುದು. ಬಾಗಿಲಿನ ಪಟ್ಟಿಯಲ್ಲಿ ಏನೂ ಆಗುವುದಿಲ್ಲ. ಫೋಟೋ ಕಟ್ಟಿನಲ್ಲಿ ಆಗುತ್ತದೆ, ಕಾರಣ ಮೂಲೆ. ಎರಡು ಪಟ್ಟಿಗಳನ್ನು ನಲವತ್ತೈದು ಡಿಗ್ರಿಗೆ ಕೊಯ್ದು ಕೂಡಿಸಿದಾಗ ಒಂದರ ಉಬ್ಬು ಇನ್ನೊಂದರ ಉಬ್ಬಿಗೆ, ತಗ್ಗು ತಗ್ಗಿಗೆ, ಗೆರೆ ಗೆರೆಗೆ ಹರಿದು ಸೇರಬೇಕು. ಅರ್ಧ ಮಿಲಿಮೀಟರ್ ಏರುಪೇರಾದರೂ ಕಣ್ಣು ನೇರ ಮೂಲೆಗೇ ಹೋಗಿ ನಿಲ್ಲುತ್ತದೆ. ಒಂದು ಪಟ್ಟಿ ಬದಲಿಸಿದರೆ ಎರಡು ಮೂಲೆಗಳಲ್ಲಿ ಈ ಪರೀಕ್ಷೆ. ಮೂರು ಫೋಟೋ ಪಕ್ಕಪಕ್ಕ ಇದ್ದಾಗ ದೂರದಿಂದ ಒಂದೇ ಕಂಡರೆ ಸಾಕು, ಆದರೆ ಒಂದೇ ಕಟ್ಟಿನ ನಾಲ್ಕು ಬದಿಗಳು ಮುಟ್ಟಿ ನೋಡಿದರೂ ಒಂದೇ ಇರಬೇಕು.

ಇದನ್ನು ನನಗೆ ತಿಳಿಹೇಳಿದವರು ನಮ್ಮ ಕಡೆಯವರೇ ಆದ ಒಬ್ಬ ಹಿರಿಯ ಬಡಗಿ. ಬಾಗಿಲು, ತೊಟ್ಟಿಲು, ಎತ್ತಿನ ಗಾಡಿಯ ಕೆಲಸದಲ್ಲಿ ಕೈ ಪಳಗಿದವರು. ಈಗ ಹೆಚ್ಚಾಗಿ ಪ್ಲೈವುಡ್ಡಿನ ಕಪಾಟು ಮಾಡುತ್ತಾರೆ. ಕಟ್ಟನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು.

“ಕಾಕಾ, ಮೂರೂ ಒಂದೇ ಸಾಲಿನ್ಯಾಗ ಇರ್ತಾವ. ಬ್ಯಾರೆ ಕಾಣಬಾರದು,” ಎಂದೆ.

“ಒಂದ ಪಟ್ಟಿ ಬದಲ ಮಾಡಿದ್ರ ಮೂಲ್ಯಾಗ ಗೆರಿ ಕೂಡಂಗಿಲ್ಲ ತಮ್ಮಾ. ನಾಕೂ ಹೊಸಾವೇ ತೆಗೀತೀನಿ. ಹಳೇವು ಎರಡು ಛಲೋ ಅವ, ಒಗೀಬ್ಯಾಡ. ಮುಂದ ಆ ಎರಡು ಫೋಟೋಕ್ಕ ಬೇಕಾಗ್ತಾವ.”

ಎಷ್ಟು ಸರಿಯಾದ ತೀರ್ಮಾನ ಎಂದು ಆಮೇಲೆ ಯೋಚಿಸಿದಂತೆಲ್ಲ ಹೊಳೆಯಿತು. ನಾಲ್ಕೂ ಬದಿ ಒಂದೇ ಕೋಲಿನಿಂದ ಬಂದರೆ ಮೂಲೆಗಳು ತಾವಾಗಿ ಕೂಡುತ್ತವೆ. ಹಳೆಯದಕ್ಕೂ ಹೊಸದಕ್ಕೂ ಕೂದಲೆಳೆಯ ವ್ಯತ್ಯಾಸ ಉಳಿದರೂ ಅದು ಎರಡು ಫೋಟೋಗಳ ನಡುವಿನ ಗೋಡೆಯಲ್ಲಿ ಕರಗಿಹೋಗುತ್ತದೆ. ಉಳಿದ ಹಳೆಯ ಪಟ್ಟಿಗಳು ಮುಂದೆ ರಿಪೇರಿಗೆ ಸಿಗುವ ಅಸಲಿ ಸರಕು.

ಕೆಲಸ ಶುರುವಾದದ್ದು ನಮೂನೆ ತೆಗೆಯುವುದರಿಂದ. ಬಿಚ್ಚಿದ ಪಟ್ಟಿಯ ತುದಿಯನ್ನೇ ಕಾಗದದ ಮೇಲಿಟ್ಟು ಗೀಚಿಕೊಂಡರೆ ಆಯಿತಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಆ ತುದಿ ಓರೆಯಾಗಿ ಕೊಯ್ದದ್ದು. ನಲವತ್ತೈದು ಡಿಗ್ರಿಯ ಕೊಯ್ತದಲ್ಲಿ ಒಂದಿಂಚಿನ ಅಗಲ ಸುಮಾರು 1.4 ಇಂಚಾಗಿ ಹಿಗ್ಗಿ ಕಾಣುತ್ತದೆ. ಎತ್ತರ ಮಾತ್ರ ಇದ್ದಷ್ಟೇ ಇರುತ್ತದೆ. ಆ ಗೀಟನ್ನು ನಂಬಿ ಪಟ್ಟಿ ತೆಗೆದರೆ ಉಬ್ಬೆಲ್ಲ ಚಪ್ಪಟೆಯಾಗುತ್ತದೆ. ಕಾಕಾ ಗೆದ್ದಲು ತಿಂದ ಎಡಪಟ್ಟಿಯ ಗಟ್ಟಿ ಭಾಗದಲ್ಲಿ ನೇರವಾಗಿ ಗರಗಸ ಹಾಕಿ ಬಿಸ್ಕತ್ತಿನಷ್ಟು ದಪ್ಪದ ಒಂದು ಚೂರು ತೆಗೆದರು. ಅದನ್ನು ತಗಡಿನ ಮೇಲಿಟ್ಟು ಸೂಜಿಯಿಂದ ಸುತ್ತ ಗೀರಿ, ಕತ್ತರಿಸಿ, ಅರದಿಂದ ತೀಡಿ, ಪಟ್ಟಿಗೆ ಒತ್ತಿದರೆ ಬೆಳಕು ತೂರದಂಥ ನಮೂನೆ ಮಾಡಿದರು. ಅದೇ ಆಕಾರವನ್ನು ಹಳೆಯ ಹ್ಯಾಕ್ಸಾ ಬ್ಲೇಡಿನ ಒಂದು ತುಂಡಿನಲ್ಲಿ ತಿರುವುಮುರುವಾಗಿ ತೀಡಿದರು. ಎರಡು ಮರದ ತುಂಡುಗಳ ನಡುವೆ ಅದನ್ನು ಬಿಗಿದಾಗ ಅದೇ ಒಂದು ಆಯುಧವಾಯಿತು. ಪಟ್ಟಿಯ ಉದ್ದಕ್ಕೂ ಎಳೆಯುತ್ತ ಹೋದರೆ ಬ್ಲೇಡಿನ ಆಕಾರ ಕಟ್ಟಿಗೆಯಲ್ಲಿ ಇಳಿಯುತ್ತ ಬರುತ್ತದೆ.

ಪೂರ್ತಿ ಇದರಿಂದಲೇ ತೆಗೆಯುವುದು ದಂಡದ ಕೆಲಸ. ಹೆಚ್ಚಿನ ಕಟ್ಟಿಗೆಯನ್ನು ಮೊದಲೇ ಹಗುರ ಮಾಡಿಕೊಳ್ಳಬೇಕು. ಈಗ ಹಳ್ಳಿಯ ಬಡಗಿಯ ಹತ್ತಿರವೂ ರೂಟರ್ ಮಷಿನ್ ಇದೆ. ಉಬ್ಬಿನ ಗೋಲಾ, ತಗ್ಗಿನ ಗಲತಾ ಎರಡಕ್ಕೂ ಅದರ ಬಿಟ್ಟುಗಳು ಸಿಗುತ್ತವೆ. ಕಾಕಾ ರೂಟರ್‌ನಿಂದ ಗೋಲಾ ಮತ್ತು ಗಲತಾ ಹತ್ತಿರ ಹತ್ತಿರಕ್ಕೆ ತಂದು, ಗಾಜು ಕೂರುವ ಹಿಂಬದಿಯ ಕಚ್ಚನ್ನು ಮಷಿನ್ ಗರಗಸದಲ್ಲಿ ತೆಗೆದು, ಕೊನೆಯ ಪದರವನ್ನು ಮಾತ್ರ ಹ್ಯಾಕ್ಸಾ ಬ್ಲೇಡಿನಿಂದ ಎಳೆದರು. ಮಷಿನ್ ತೆಗೆದ ಪಟ್ಟಿಗೂ ಹೀಗೆ ಎಳೆದ ಪಟ್ಟಿಗೂ ಒಂದು ವ್ಯತ್ಯಾಸ ಬೆರಳಿಗೆ ತಿಳಿಯುತ್ತದೆ. ಎಳೆದದ್ದರಲ್ಲಿ ಉದ್ದಕ್ಕೂ ಬಲು ಸಣ್ಣ ಅಲೆಗಳಿರುತ್ತವೆ, ಬೆಳಕು ಅವುಗಳ ಮೇಲೆ ಮೆಲ್ಲಗೆ ಸರಿಯುತ್ತದೆ. ಹಳೆಯ ಪಟ್ಟಿಗಳಲ್ಲಿ ನಾವು ಚೆಂದ ಎನ್ನುವುದರಲ್ಲಿ ಅರ್ಧ ಪಾಲು ಇದು.

ಒಂದೇ ತುಂಡಿನಲ್ಲಿ ಅಷ್ಟು ಆಳದ ರೂಪ ಬರದಿದ್ದರೆ ಇನ್ನೊಂದು ದಾರಿಯಿದೆ. ಚಪ್ಪಟೆ ಪಟ್ಟಿ ಒಂದು, ಅರ್ಧಗೋಲಿನ ಪಟ್ಟಿ ಒಂದು, ಒಳಗಿನ ಸಣ್ಣ ಗೆರೆಯ ಪಟ್ಟಿ ಒಂದು, ಹೀಗೆ ಬೇರೆ ಬೇರೆ ತೆಗೆದು ಅಂಟಿಸಿ ಒಂದಾಗಿಸುವುದು. ಕರಿ ಬಣ್ಣ ಅಥವಾ ಬಂಗಾರ ಬಳಿಯುವ ಕಟ್ಟಿಗೆ ಇದು ಸಾಕು, ಕೂಡಿದ ಜಾಗ ಕಾಣುವುದಿಲ್ಲ. ಬರೀ ಪಾಲಿಶ್ ಹೊಡೆದು ಕಟ್ಟಿಗೆಯ ಎಳೆ ಕಾಣಿಸಬೇಕಾದ ಕಡೆ ಮಾತ್ರ ಎಳೆ ನೋಡಿ ಜೋಡಿಸಬೇಕು.

ಎಷ್ಟು ಉದ್ದ ಬೇಕು ಎಂಬ ಲೆಕ್ಕದಲ್ಲಿ ಹಲವರು ಸೋಲುತ್ತಾರೆ. ಫೋಟೋದ ಸುತ್ತಳತೆ ಸಾಲದು. ನಾಲ್ಕು ಮೂಲೆಗಳಲ್ಲಿ ಎರಡೂ ಕಡೆಯ ಓರೆ ಕೊಯ್ತಕ್ಕೆ ಪಟ್ಟಿಯ ಅಗಲದ ಎಂಟರಷ್ಟು ಕೂಡಿಸಬೇಕು. ಆಯಿಯ ಫೋಟೋ 12ಕ್ಕೆ 16 ಇಂಚು. ಸುತ್ತಳತೆ 56 ಇಂಚು, ಒಂದೂವರೆ ಇಂಚಿನ ಪಟ್ಟಿಗೆ ಎಂಟು ಸಲ ಅಂದರೆ 12, ಒಟ್ಟು 68 ಇಂಚು. ಗರಗಸ ತಿನ್ನುವ ಪುಡಿ ಸೇರಿ ಆರಡಿ. ಕೋಲಿನ ಎರಡೂ ತುದಿಗಳಲ್ಲಿ ಮಷಿನ್ ಕಚ್ಚಿ ಗಾಯ ಮಾಡಿರುತ್ತದೆ, ಅದನ್ನು ಬಿಟ್ಟರೆ ಎಂಟಡಿ ಇಟ್ಟುಕೊಳ್ಳುವುದು ಕ್ಷೇಮ.

ಇನ್ನು ಕಟ್ಟಿಗೆ. ಕಲ್ಲಿಗೆ ಹೆಸರಾದ ನಾಡು ನಮ್ಮದು, ಮರಕ್ಕಲ್ಲ. ಶಹಾಬಾದಿನ ಫರಸಿ, ವಾಡಿ-ಸೇಡಂ-ಮಳಖೇಡದ ಸಿಮೆಂಟು ಎಲ್ಲವೂ ನೆಲದಡಿಯ ಅದೇ ಸುಣ್ಣಕಲ್ಲಿನ ಫಲ. ಕಾಡು ಅಂತ ಇರುವುದು ಚಿಂಚೋಳಿಯ ಕಡೆ, ಅದೂ ಒಣ ಕಾಡು. 2011ರಲ್ಲಿ ವನ್ಯಜೀವಿಧಾಮವಾದ ಅಲ್ಲಿನ ಸುಮಾರು 135 ಚದರ ಕಿಲೋಮೀಟರ್ ಪ್ರದೇಶ ನಮ್ಮ ಜಿಲ್ಲೆಯ ದೊಡ್ಡ ಆಸ್ತಿ, ಅದು ಹಾಗೇ ಉಳಿಯಬೇಕು. ಬೇವು, ಜಾಲಿ ನಮ್ಮ ಹೊಲದ ಬದುಗಳಲ್ಲಿ ಸಿಗುತ್ತವೆ. ಬೇವಿಗೆ ಹುಳು ಸುಲಭಕ್ಕೆ ಬೀಳುವುದಿಲ್ಲ, ಆದರೆ ಅದರ ಎಳೆ ಹೆಣೆದುಕೊಂಡಿರುತ್ತದೆ, ಸಣ್ಣ ಗೆರೆ ತೆಗೆಯುವಾಗ ಕಿತ್ತು ಬರುತ್ತದೆ. ಪಟ್ಟಿಗೆ ಸಾಗವಾನಿಯೇ ಸರಿ.

ಆ ಸಾಗವಾನಿ ನಮ್ಮ ಕಣ್ಣೆದುರೇ ಇದೆ. ಪ್ರತಿ ಬೇಸಿಗೆಯಲ್ಲೂ ಹಳೆಯ ಮನೆಗಳು ಬೀಳುತ್ತಿವೆ, ಸ್ಲ್ಯಾಬಿನ ಮನೆಗಳು ಏಳುತ್ತಿವೆ. ಬಾಗಿಲ ಚೌಕಟ್ಟು, ಕಂಬ, ಬೋದಿಗೆ, ಜಂತಿ ಎಲ್ಲ ಕಟ್ಟಿಗೆಯ ಅಡ್ಡಾಕ್ಕೆ ತೂಕದ ಲೆಕ್ಕದಲ್ಲಿ ಹೋಗುತ್ತವೆ. ಕಲಬುರಗಿಯ ಅಡ್ಡಾಗಳಲ್ಲಿ ಇಂಥ ರಾಶಿಯೊಳಗೆ ಕೈಯಾಡಿಸಿದರೆ ಎಂಬತ್ತು-ನೂರು ವರ್ಷ ಒಣಗಿದ ಸಾಗವಾನಿ ಸಿಗುತ್ತದೆ. ಫೋಟೋ ಕಟ್ಟಿಗೆ ಇದಕ್ಕಿಂತ ಉತ್ತಮ ಕಟ್ಟಿಗೆಯಿಲ್ಲ. ಅದು ಬರೀ ಹಳೆಯದೆಂಬ ಪ್ರೀತಿಯ ಮಾತಲ್ಲ. ಹಸಿ ಕಟ್ಟಿಗೆ ಒಣಗುವಾಗ ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ನಲವತ್ತೈದಕ್ಕೆ ಕೊಯ್ದ ಪಟ್ಟಿ ಅಗಲದಲ್ಲಿ ಮಾತ್ರ ಕುಗ್ಗಿದರೆ ಕೊಯ್ತದ ಕೋನ ನಲವತ್ತೈದಕ್ಕಿಂತ ಕಡಿಮೆಯಾಗುತ್ತದೆ. ಆಗ ಮೂಲೆಯ ಹೊರತುದಿ ಕಚ್ಚಿಕೊಂಡೇ ಇದ್ದರೂ ಒಳತುದಿ ಬಾಯಿ ಬಿಡುತ್ತದೆ. ನಿಮ್ಮ ಮನೆಯ ಯಾವುದಾದರೂ ಹಳೆಯ ಕಟ್ಟಿನ ಮೂಲೆ ನೋಡಿ. ಗಾಜಿನ ಕಡೆ ಕರಿ ಸಂದು ಕಂಡರೆ ಅದು ಹಸಿ ಕಟ್ಟಿಗೆಯಲ್ಲಿ ಮಾಡಿದ್ದು. ಪಟ್ಟಿ ಅಗಲವಾದಷ್ಟೂ ಸಂದು ದೊಡ್ಡದು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟಿ ಗಾಳಿ ಸುಡುವ ನಮ್ಮ ಸೀಮೆಯಲ್ಲಿ ಪೇಟೆಯಿಂದ ತಂದ ಹೊಸ ಕಟ್ಟಿಗೆ ಎರಡೇ ವರ್ಷದಲ್ಲಿ ಮೂಲೆ ಬಿಡುತ್ತದೆ. ನೂರು ಬೇಸಿಗೆ ಕಂಡ ಬಾಗಿಲ ಚೌಕಟ್ಟಿಗೆ ಕುಗ್ಗಲು ಇನ್ನೇನೂ ಉಳಿದಿರುವುದಿಲ್ಲ.

ನಮಗೆ ಸಿಕ್ಕ ತುಂಡು ಬಿದ್ದ ಮನೆಯೊಂದರ ಬಾಗಿಲ ಮೇಲಡ್ಡಿ. ಮೊಳೆ ಹೊಕ್ಕ ಜಾಗಗಳನ್ನು ಬಿಟ್ಟು ಕೊಯ್ದಾಗ ಒಳಗಿನಿಂದ ಎಣ್ಣೆಯ ಘಮ ಬಂತು. ಸಾಗವಾನಿಯೊಳಗಿನ ಎಣ್ಣೆ ಅಷ್ಟು ವರ್ಷ ಹಾಗೇ ಕೂತಿರುತ್ತದೆ. ಗೆದ್ದಲು ಅದನ್ನು ಮುಟ್ಟಲು ಹಿಂಜರಿಯುವುದೂ ಅದರಿಂದಲೇ. ಗೆದ್ದಲು ತಿಂದ ನಮ್ಮ ಹಳೆಯ ಪಟ್ಟಿ ಸಾಗವಾನಿಯಾಗಿರಲಿಲ್ಲ. ಕರಿ ಬಣ್ಣದ ಕೆಳಗೆ ಯಾವುದೋ ಬಿಳಿ ಮೆದು ಕಟ್ಟಿಗೆ.

ಬಣ್ಣದ ಕೆಲಸಕ್ಕೆ ಪುರುಸೊತ್ತು ಬೇಕು. ಹಳೆಯ ಕರಿ ಎಂದರೆ ಡಬ್ಬಿಯ ಎನಾಮೆಲ್ ಕರಿಯಲ್ಲ. ಚಪಡಾ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಅದಕ್ಕೆ ದೀಪದ ಕಾಡಿಗೆ ಬೆರೆಸಿ, ಅರಿವೆಯ ಉಂಡೆಯಿಂದ ತೆಳ್ಳಗೆ ತೆಳ್ಳಗೆ ಉಜ್ಜಿದ್ದು. ಅದು ವರ್ಷಗಳಲ್ಲಿ ಸ್ವಲ್ಪ ಕಂದು ಕಡೆ ತಿರುಗಿರುತ್ತದೆ. ಹೊಸದಕ್ಕೆ ಕಾಡಿಗೆಯ ಜೊತೆ ಚಿಟಿಕೆ ಕೆಮ್ಮಣ್ಣು ಬೆರೆಸಿದಾಗ ಎರಡೂ ಹತ್ತಿರ ಬಂದವು. ಬಣ್ಣ ಹೋಲಿಸಿ ನೋಡಬೇಕಾದದ್ದು ಅಂಗಳದ ಬಿಸಿಲಲ್ಲಿ ಅಲ್ಲ, ಫೋಟೋ ತೂಗುವ ಗೋಡೆಯ ಬೆಳಕಿನಲ್ಲಿ. ಬಂಗಾರದ ಗೆರೆಯೇ ಕಷ್ಟದ್ದು. ಅಗ್ಗದ ಕಟ್ಟುಗಳಲ್ಲಿ ಅದು ಬಂಗಾರವಲ್ಲ, ಹಿತ್ತಾಳೆಯ ನಯವಾದ ಪುಡಿ. ಅದರಲ್ಲಿರುವ ತಾಮ್ರ ಗಾಳಿಗೆ ಕಪ್ಪಾಗುತ್ತ, ಎಲ್ಲೋ ಒಂದಿಷ್ಟು ಹಸಿರಾಗುತ್ತ ಹೋಗುತ್ತದೆ. ಹಳೆಯ ಗೆರೆಯನ್ನು ಉಜ್ಜಿ ಹೊಳೆಸಬಾರದು, ಹೊಸದನ್ನೇ ಮಂಕು ಮಾಡಬೇಕು. ಹಿತ್ತಾಳೆ ಪುಡಿ ಬಳಿದು ಒಣಗಿದ ಮೇಲೆ ಅರಗಿನ ತೆಳುವಾದ ಕಂದು ಪದರ ಕೊಟ್ಟೆವು. ನಿಜವಾದ ಬಂಗಾರದ ತಗಡು ಹೊದಿಸಿದ ಕಟ್ಟು ನಿಮ್ಮಲ್ಲಿದ್ದರೆ ಅದು ಕಪ್ಪಾಗುವುದಿಲ್ಲ, ಸವೆದ ಕಡೆ ಕೆಳಗಿನ ಕೆಂಪು ಮಣ್ಣಿನ ಪದರ ಇಣುಕುತ್ತದೆ. ಅಂಥದ್ದಕ್ಕೆ ಹಿತ್ತಾಳೆ ಪುಡಿ ಸೋಕಿಸಬೇಡಿ, ತಿಳಿದವರ ಕೈಗೆ ಕೊಡಿ.

ಕಟ್ಟಿನ ಹಿಂಬದಿಯ ಬಗ್ಗೆ ನಾನು ಇನ್ನೂ ಮಾತಾಡಿಲ್ಲ. ಕೀಲು-ಮೊಳೆ ಕೀಳುವ ಮೊದಲು ಅದನ್ನು ಓದಬೇಕು. ಧೂಳು ಒಳಹೋಗದಂತೆ ಹಿಂದೆ ಸುತ್ತಲೂ ಪತ್ರಿಕೆಯ ಹಾಳೆ ಅಂಟಿಸುವುದು ಆಗಿನ ವಾಡಿಕೆ. ಆಯಿಯ ಫೋಟೋದ ಹಿಂದೆ ಉರ್ದು ಪತ್ರಿಕೆಯ ತುಂಡು, ಅದರ ಮೇಲೆ ಮರಾಠಿಯಲ್ಲಿ ಸೊಲ್ಲಾಪುರದ ಅಂಗಡಿಯೊಂದರ ಮುದ್ರೆ, ಮೂಲೆಯಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಆಯಿಯ ಹೆಸರು. 1948ರವರೆಗೆ ನಿಜಾಮನ ಆಡಳಿತದಲ್ಲಿದ್ದು 1956ರಲ್ಲಿ ಮೈಸೂರು ರಾಜ್ಯ ಸೇರಿದ ಈ ಸೀಮೆಯ ಬದುಕು ಅಂಗೈಯಗಲದ ಕಾಗದದಲ್ಲಿ ಕೂತಿತ್ತು. ಹೊಸ ಕಟ್ಟು ಹಾಕುವಾಗ ಅಂಗಡಿಯಲ್ಲಿ ಮೊದಲು ಕಿತ್ತು ಬಿಸಾಡುವುದು ಇದನ್ನೇ. ಹಾಗಾಗಬಾರದು. ಒದ್ದೆ ಮಾಡದೆ, ತೆಳುವಾದ ಚಾಕುವಿನಿಂದ ಎಬ್ಬಿಸಿ, ಲಕೋಟೆಯಲ್ಲಿಟ್ಟು ಹೊಸ ಬೆನ್ನಿನ ಹಲಗೆಗೆ ಅಂಟಿಸಿಡಬಹುದು.

ಸೊಲ್ಲಾಪುರದ ಮುದ್ರೆ ನೋಡಿ ಅಚ್ಚರಿಪಡಬೇಕಿಲ್ಲ. ನಾಲವಾರ ವಾಡಿಗೂ ಯಾದಗಿರಿಗೂ ನಡುವಿನ ರೈಲು ಸ್ಟೇಷನ್. ಮುಂಬೈ ಕಡೆಯಿಂದ ಬಂದ ಜಿಐಪಿ ರೈಲ್ವೆಯ ಹಳಿ ಮತ್ತು ಮದ್ರಾಸ್ ರೈಲ್ವೆಯ ಹಳಿ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ವಾಡಿಯಿಂದ ಸಿಕಂದರಾಬಾದಿಗೆ ಹಳಿ ಬಿದ್ದದ್ದು 1874ರಲ್ಲಿ. ಆಮೇಲೆ ನಮ್ಮವರ ಪೇಟೆ ಎಂದರೆ ಒಂದು ಕಡೆ ಕಲಬುರಗಿ-ಸೊಲ್ಲಾಪುರ-ಪುಣೆ-ಮುಂಬೈ, ಇನ್ನೊಂದು ಕಡೆ ಹೈದರಾಬಾದ್. ಗೋಡೆಗಳ ಮೇಲೆ ದೇವರ ಚಿತ್ರ ಬಂದ ಕಥೆಯೂ ಈ ಹಳಿಗೆ ಅಂಟಿಕೊಂಡೇ ಇದೆ. ರಾಜಾ ರವಿವರ್ಮ 1894ರಲ್ಲಿ ಮುಂಬೈಯ ಘಾಟ್ಕೋಪರಿನಲ್ಲಿ ಜರ್ಮನ್ ಯಂತ್ರಗಳನ್ನು ತರಿಸಿ ಮುದ್ರಣಾಲಯ ತೆರೆದರು. ಕೆಲವೇ ವರ್ಷಗಳಲ್ಲಿ ಅದು ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. ಆ ಮಳವಲಿ ಇದೇ ಮುಂಬೈ-ಪುಣೆ-ಸೊಲ್ಲಾಪುರ-ವಾಡಿ ಹಾದಿಯ ಒಂದು ಸಣ್ಣ ಸ್ಟೇಷನ್. ಅಲ್ಲಿ ಅಚ್ಚಾದ ಲಕ್ಷ್ಮಿ, ಸರಸ್ವತಿಯರು ದೇಶದ ಮನೆಮನೆ ಸೇರಿದರು. ಚಿತ್ರ ಕಾಗದದ್ದು. ಗಾಜು, ಕಟ್ಟು ಇಲ್ಲದಿದ್ದರೆ ಅಡುಗೆಯ ಹೊಗೆಗೆ ಐದು ವರ್ಷ ಬಾಳದು. ಹೀಗೆ ಚಿತ್ರದ ಹಿಂದೆಯೇ ಪಟ್ಟಿಯ ವ್ಯಾಪಾರ ಬೆಳೆಯಿತು.

ಪಟ್ಟಿಯ ವ್ಯಾಪಾರದಿಂದಲೇ ನಮ್ಮ ಆಧುನಿಕ ಚಿತ್ರಕಲೆಗೆ ಒಂದು ದೊಡ್ಡ ಉಪಕಾರವಾದ ಸಂಗತಿ ಹೆಚ್ಚು ಜನರಿಗೆ ಗೊತ್ತಿಲ್ಲ. ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಕೆಕೂ ಗಾಂಧಿ ಎಂಬ ಪಾರ್ಸಿ ಯುವಕ ಎರಡನೇ ಮಹಾಯುದ್ಧದಿಂದ ವಾಪಸ್ ಹೋಗಲಾಗದೆ ಮುಂಬೈಯಲ್ಲೇ ಉಳಿದರು. ಅಲ್ಲಿ ರೋಜರ್ ವಾನ್ ಡ್ಯಾಮೆ ಎಂಬ ಬೆಲ್ಜಿಯಂನವರ ಪರಿಚಯವಾಗಿ 1941ರಲ್ಲಿ ಚಿತ್ರದ ಪಟ್ಟಿ ಮತ್ತು ಕಟ್ಟುಗಳ ಉದ್ಯಮ ಶುರುವಾಯಿತು. ಅದರ ಹೆಸರು ಕೆಮೌಲ್ಡ್, ಕೆಮಿಕಲ್ ಮೌಲ್ಡಿಂಗ್ ಎಂಬುದರ ಕಿರುರೂಪ. ಕಟ್ಟು ಮಾರಬೇಕಾದರೆ ಒಳಗೊಂದು ಚಿತ್ರ ಬೇಕಲ್ಲ. ಗಾಂಧಿ ತಮ್ಮ ಪ್ರದರ್ಶನ ಕಿಟಕಿಯಲ್ಲಿ ಆಗಿನ್ನೂ ಹೆಸರು ಮಾಡದ ಹುಡುಗರ ಚಿತ್ರಗಳನ್ನಿಟ್ಟರು. ಆರಾ, ರಝಾ, ಹುಸೇನ್, ಮತ್ತು ಉಡುಪಿಯ ಹತ್ತಿರದ ಕಟ್ಟಿಂಗೇರಿಯಿಂದ ಮುಂಬೈ ಸೇರಿದ ನಮ್ಮ ಕೆ.ಕೆ. ಹೆಬ್ಬಾರ್. ಜನ ಕಟ್ಟು ನೋಡಲು ನಿಂತು ಚಿತ್ರ ನೋಡಿದರು. 1963ರಲ್ಲಿ ಜಹಾಂಗೀರ್ ಆರ್ಟ್ ಗ್ಯಾಲರಿಯ ಕಟ್ಟಡದಲ್ಲಿ ಗ್ಯಾಲರಿ ಕೆಮೌಲ್ಡ್ ತೆರೆಯಿತು. ದೇಶದ ಹಿರಿಯ ಖಾಸಗಿ ಕಲಾ ಗ್ಯಾಲರಿಗಳಲ್ಲಿ ಒಂದರ ಬೇರು ಇಂಥ ಪಟ್ಟಿಯಲ್ಲಿದೆ.

ಅದೇ ಕಾಲದ ಮುಂಬೈಯಲ್ಲಿ ನಮ್ಮ ಕಲಬುರಗಿಯ ಎಸ್.ಎಂ. ಪಂಡಿತರಿದ್ದರು. 1916ರಲ್ಲಿ ಹುಟ್ಟಿ, ಇಲ್ಲಿ ಶಂಕರರಾವ್ ಅಳಂದಕರರ ಬಳಿ ಕುಂಚ ಹಿಡಿದು, ಮದ್ರಾಸಿನಲ್ಲೂ ಮುಂಬೈಯಲ್ಲೂ ಕಲಿತು ಸಿನಿಮಾ ಪೋಸ್ಟರ್ ಮತ್ತು ಕ್ಯಾಲೆಂಡರ್ ಚಿತ್ರಗಳಿಗೆ ದೊಡ್ಡ ಹೆಸರಾದವರು. ಕನ್ಯಾಕುಮಾರಿಯ ವಿವೇಕಾನಂದರ ಚಿತ್ರವೂ ಅವರದೇ. 1993ರಲ್ಲಿ ತೀರಿಕೊಂಡರು. ಕಲಬುರಗಿಯ ರಂಗಮಂದಿರಕ್ಕೆ ಅವರ ಹೆಸರಿದೆ. ಗ್ಯಾಲರಿಯ ಕಡೆಯಿಂದ ನೋಡುವವರು ಪಂಡಿತರನ್ನು ಬಹಳ ಕಾಲ ಲೆಕ್ಕಕ್ಕೆ ಹಿಡಿಯಲಿಲ್ಲ. ಆದರೆ ವರ್ಷ ಮುಗಿದ ಮೇಲೆ ತಾರೀಖಿನ ಹಾಳೆ ಕಿತ್ತು, ಚಿತ್ರವನ್ನು ಮಾತ್ರ ಕತ್ತರಿಸಿ ಕಟ್ಟು ಹಾಕಿಸಿ ಪೂಜೆಗಿಟ್ಟವರು ಈ ದೇಶದ ಉದ್ದಗಲಕ್ಕೂ ಇದ್ದರು. ಕಲಾವಿದನಿಗೆ ಸಿಗಬಹುದಾದ ಗೌರವಗಳಲ್ಲಿ ಅದನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ.

ಹಳೆಯ ವಸ್ತುವನ್ನು ಇನ್ನೊಂದರ ಕೆಲಸಕ್ಕೆ ಬಳಸುವ ವಿಷಯದಲ್ಲಿ ನಮ್ಮ ಸೀಮೆಗೆ ಬಲವಾದ ಒಂದು ಸಾಕ್ಷಿಯಿದೆ. ನಾಲವಾರದ ಸ್ಟೇಷನ್ನಿನಲ್ಲಿಳಿದು ಹೋಗುವ ಸನ್ನತಿಯಲ್ಲಿ, 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ಆಗ ಮೂರ್ತಿಯ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನ ಕಂಡಿತು. ಯಾರೋ ಅದನ್ನು ಪೀಠವಾಗಿ ಬಳಸಿದ್ದರಿಂದ ಕಲ್ಲು ಅಷ್ಟು ಶತಮಾನ ಒಂದೆಡೆ ಉಳಿದುಬಂತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ರಾಣಿಯೊಡನೆ ನಿಂತ ರಾಜನ ಉಬ್ಬುಚಿತ್ರವೂ ಅದರ ಮೇಲೆ “ರಾಯ ಅಸೋಕೊ” ಎಂಬ ಬರಹವೂ ಇವೆ. ಚಿತ್ರ, ಅದರ ಸುತ್ತಲಿನ ಅಂಚು, ಅದರ ಮೇಲೊಂದು ಹೆಸರು. ಈ ಮಣ್ಣಿಗೆ ಇದು ಹೊಸ ರೂಢಿಯಲ್ಲ.

ಫೋಟೋ ಮತ್ತೆ ಒಳಗೆ ಕೂರಿಸುವಾಗಿನ ಒಂದೆರಡು ಮಾತು. ಹಳೆಯ ಕಪ್ಪು-ಬಿಳುಪು ಫೋಟೋದ ಮೇಲ್ಪದರ ಜೆಲಾಟಿನ್. ಗಾಜು ನೇರವಾಗಿ ಅದಕ್ಕೆ ತಾಗಿದ್ದರೆ ತೇವಕ್ಕೆ ಅಂಟಿಕೊಳ್ಳುತ್ತದೆ. ಅಂಟಿದ್ದನ್ನು ಎಳೆದು ಬಿಡಿಸಿದರೆ ಮುಖವೇ ಗಾಜಿಗೆ ಹೋಗುತ್ತದೆ. ಬಿಡದಿದ್ದರೆ ಎಳೆಯಬೇಡಿ, ಗಾಜಿನ ಸಮೇತವೇ ಒಳ್ಳೆಯ ಕ್ಯಾಮೆರಾದಲ್ಲಿ ತೆಗೆಸಿಟ್ಟುಕೊಳ್ಳಿ. ಬಿಟ್ಟರೆ ಮತ್ತೆ ಕೂರಿಸುವಾಗ ಸುತ್ತ ದಪ್ಪ ಕಾಗದದ ಅಂಚು ಕೊಟ್ಟು ಗಾಜಿಗೂ ಫೋಟೋಗೂ ನಡುವೆ ಸ್ವಲ್ಪ ಜಾಗ ಬಿಡಿಸಿ. ಬೆನ್ನಿಗೆ ಕಟ್ಟಿಗೆಯ ಹಲಗೆ ಇದ್ದರೆ ಅದರ ಹುಳಿ ವರ್ಷಗಳಲ್ಲಿ ಕಾಗದವನ್ನು ಕಂದಾಗಿಸುತ್ತದೆ, ನಡುವೆ ಒಳ್ಳೆಯ ಬಿಳಿ ಕಾಗದ ಇಡಬೇಕು. ಕಟ್ಟು ಗೋಡೆಗೆ ತಾಗದಂತೆ ಕೆಳಗಿನ ಎರಡು ಮೂಲೆಗಳಿಗೆ ಬೆಂಡಿನ ಬಿಲ್ಲೆ ಅಂಟಿಸಿದರೆ ಗಾಳಿಯಾಡುತ್ತದೆ, ಗೆದ್ದಲಿನ ಮಣ್ಣುದಾರಿ ಬಂದರೂ ಕಣ್ಣಿಗೆ ಬೀಳುತ್ತದೆ.

ಆಯಿಯ ಫೋಟೋ ಈಗ ಅದೇ ರೀಪಿನ ಮೇಲೆ ಮುತ್ಯಾನ ಪಕ್ಕದಲ್ಲಿದೆ. ಬೀಗರು, ನೆಂಟರು ಬಂದು ಹೋದರು, ಯಾವುದು ಹೊಸದು ಎಂದು ಯಾರೂ ಕೇಳಲಿಲ್ಲ. ಖರ್ಚು ಫೈಬರ್ ಕಟ್ಟಿಗಿಂತ ಹೆಚ್ಚಾಯಿತು. ಅದರಲ್ಲಿ ಬಹುಪಾಲು ಕಾಕಾನ ಕೈಗೆಲಸಕ್ಕೆ ಸಂದಿತು, ಸಲ್ಲಬೇಕಾದದ್ದೇ. ಕಪಾಟಿನ ಪ್ಲೈವುಡ್ಡು ಕೊಯ್ಯುವ ಕೆಲಸ ಯಾರಿಗಾದರೂ ಕೊಡಬಹುದು. ಹ್ಯಾಕ್ಸಾ ಬ್ಲೇಡಿನಲ್ಲಿ ಗೋಲಾ-ಗಲತಾ ತೀಡುವವರಿಗೆ ಕೆಲಸ ಕೊಡುವವರು ಬೇಕು, ಇಲ್ಲದಿದ್ದರೆ ಅವರ ಮಕ್ಕಳು ಅದನ್ನು ಯಾಕೆ ಕಲಿತಾರು?

ಹಳೆಯ ಮನೆ ಕೆಡವುವವರಲ್ಲಿ ನನ್ನದೊಂದು ವಿನಂತಿ. ಎಲ್ಲ ಕಟ್ಟಿಗೆಯನ್ನೂ ಅಡ್ಡಾಕ್ಕೆ ತೂಗುವ ಮೊದಲು ಬಾಗಿಲ ಚೌಕಟ್ಟಿನ ಎಂಟಡಿಯ ಒಂದು ಒಳ್ಳೆಯ ತುಂಡು ತೆಗೆದಿಡಿ. ಮೊಳೆ ಕಿತ್ತು, ನೆಲಕ್ಕೆ ತಾಗದಂತೆ, ಬಿಸಿಲು ಬೀಳದ ಕಡೆ ಮಲಗಿಸಿಡಿ. ಕಟ್ಟು ಬಿಚ್ಚಿದಾಗ ಪಟ್ಟಿಯ ನೇರ ಕೊಯ್ತದ ಒಂದು ಚೂರನ್ನೂ ಅದರ ಜೊತೆ ದಾರದಿಂದ ಕಟ್ಟಿಡಿ, ಯಾವ ಫೋಟೋದ್ದು ಎಂದು ಬರೆದು. ತಗಡಿನ ನಮೂನೆಯನ್ನು ಕಾಕಾ ತಮ್ಮ ಪೆಟ್ಟಿಗೆಯಲ್ಲೇ ಇಟ್ಟುಕೊಂಡಿದ್ದಾರೆ. ಅಂಥದೇ ಕರಿ ಪಟ್ಟಿ ನಮ್ಮ ಓಣಿಯ ಇನ್ನೂ ಮೂರು ಮನೆಗಳಲ್ಲಿ ಇದೆಯಂತೆ.